ಎನ್‌ವಿಡಿಎ ಸ್ಕ್ರೀನ್ ರೀಡರ್: ಕನ್ನಡದ ಕಚೇರಿ ಕೆಲಸಕ್ಕೆ ಆಗುತ್ತಾ?

ಆಗುತ್ತೆ. ಚೆನ್ನಾಗೇ ಆಗುತ್ತೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಮೈಸೂರು, ಮಂಡ್ಯ ಕಡೆಯ ಅಪ್ಪ ಅಮ್ಮಂದಿರು ನನಗೆ ಫೋನ್ ಮಾಡಿ ಜಾಸ್ತಿ ಕೇಳುವುದು ಇದನ್ನೇ. ಮಗಳಿಗೆ ಕಣ್ಣು ಕಾಣಲ್ಲ, ಪಿಯುಸಿ ಮುಗಿದಿದೆ, ಇಂಗ್ಲಿಷ್ ಅಷ್ಟಕ್ಕಷ್ಟೇ, ಕಂಪ್ಯೂಟರ್ ಕಲಿತರೆ ಕನ್ನಡದಲ್ಲೇ ಒಂದು ಕೆಲಸ ಮಾಡಿಕೊಂಡು ಹೋಗಬಹುದಾ ಅಂತ. ಹೋಗಬಹುದು. ನಾನು ಹೋಗುತ್ತಿದ್ದೇನೆ. ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಮೈಸೂರಿನ ಒಂದು ಖಾಸಗಿ ಕಚೇರಿಯಲ್ಲಿ ಪತ್ರ ಟೈಪ್ ಮಾಡುವುದು, ಎಕ್ಸೆಲ್‌ನಲ್ಲಿ ಲೆಕ್ಕ ತುಂಬುವುದು, ಬಂದ ಮೇಲ್‌ಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದಾಗಿನಿಂದ ಸಂಜೆ ಮನೆಗೆ ಹೊರಡುವವರೆಗೆ ಎನ್‌ವಿಡಿಎ ನನ್ನ ಕಿವಿಯಲ್ಲಿ ಮಾತಾಡುತ್ತಲೇ ಇರುತ್ತದೆ. ಅದರ ಒಳ್ಳೆಯದು, ಕೆಟ್ಟದ್ದು, ಅದರ ತಪ್ಪೇ ಅಲ್ಲದ ತೊಂದರೆಗಳು, ಎಲ್ಲವನ್ನೂ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ವಿಂಡೋಸ್ ಕಂಪ್ಯೂಟರ್‌ನ ಪರದೆಯ ಮೇಲೆ ಏನಿದೆಯೋ ಅದನ್ನು ಓದಿ ಹೇಳುವ ಸಾಫ್ಟ್‌ವೇರ್ ಇದು. ಮೌಸ್ ಬೇಕಿಲ್ಲ, ಎಲ್ಲ ಕೆಲಸ ಕೀಬೋರ್ಡ್‌ನಲ್ಲೇ. ದುಡ್ಡು ಕೊಡಬೇಕಿಲ್ಲ, ಪೂರ್ತಿ ಉಚಿತ. 2006ರಲ್ಲಿ ಇದನ್ನು ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರ್ರನ್, ಆಮೇಲೆ ಜೊತೆಯಾದವರು ಜೇಮ್ಸ್ ಟೆ. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಅಂದರೆ ಬಳಸುವವರೇ ಕೂತು ಮಾಡಿದ ಸಾಫ್ಟ್‌ವೇರ್ ಇದು, ಬಳಸುವಾಗ ಅದು ಹೆಜ್ಜೆ ಹೆಜ್ಜೆಗೂ ಗೊತ್ತಾಗುತ್ತದೆ. ಅದಕ್ಕೂ ಮುಂಚೆ ಇದ್ದ ಜಾಸ್ ಕೂಡ ಒಳ್ಳೆಯ ಸ್ಕ್ರೀನ್ ರೀಡರೇ, ದೊಡ್ಡ ಕಂಪನಿಗಳಲ್ಲಿ ಈಗಲೂ ಇದೆ, ಆದರೆ ಅದರ ಪೂರ್ತಿ ಲೈಸೆನ್ಸ್‌ಗೆ ಹತ್ತಾರು ಸಾವಿರ ರೂಪಾಯಿ ಬೇಕು. ಕಬ್ಬಿನ ಬಾಕಿ ಯಾವಾಗ ಬರುತ್ತೋ ಅಂತ ಕಾಯುವ ಮಂಡ್ಯದ ಮನೆಯಲ್ಲಿ, ಲ್ಯಾಪ್‌ಟಾಪ್ ತೆಗೆದುಕೊಂಡ ಮೇಲೆ ಅಷ್ಟೇ ದುಡ್ಡು ಮತ್ತೆ ಹೊಂದಿಸಿ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಎನ್‌ವಿಡಿಎ ಬಂದ ಮೇಲೆ ಆ ಮಾತು ಮುಗಿಯುವುದಿಲ್ಲ.

ಮೊದಲು ಧ್ವನಿಯ ವಿಷಯ. ಎನ್‌ವಿಡಿಎ ಜೊತೆಯಲ್ಲೇ ಬರುವ ಧ್ವನಿ ಇ-ಸ್ಪೀಕ್. ಅದರಲ್ಲಿ ಕನ್ನಡ ಇದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಇದು ಮನುಷ್ಯರ ದನಿಯನ್ನು ರೆಕಾರ್ಡ್ ಮಾಡಿ ಜೋಡಿಸಿದ್ದಲ್ಲ, ಕಂಪ್ಯೂಟರೇ ಲೆಕ್ಕ ಹಾಕಿ ಹುಟ್ಟಿಸುವ ಸದ್ದು. ಹಾಗಾಗಿ ಮೊದಲ ಸಲ ಕೇಳಿದವರು ಹೆದರಿಬಿಡುತ್ತಾರೆ, ಡಬ್ಬದೊಳಗೆ ಕೂತು ಯಾರೋ ಮಾತಾಡಿದ ಹಾಗಿರುತ್ತದೆ. ಒತ್ತು ಎಲ್ಲೋ ಬೀಳುತ್ತದೆ, ಉಸಿರು ತೆಗೆದುಕೊಳ್ಳುವ ಜಾಗ ತಪ್ಪುತ್ತದೆ, ಶ ಮತ್ತು ಷ ಕಿವಿಗೆ ಹತ್ತಿರ ಹತ್ತಿರ ಕೇಳಿಸುತ್ತವೆ, ಅನುಮಾನ ಬಂದರೆ ಬಾಣದ ಕೀ ಒತ್ತಿ ಅಕ್ಷರ ಅಕ್ಷರವಾಗಿ ಕೇಳಬೇಕು. ಕತೆ ಕಾದಂಬರಿ ಕೇಳುವುದಕ್ಕೆ ನನಗೆ ಇದು ಇಷ್ಟವಿಲ್ಲ. ಅದಕ್ಕೆ ಆಂಡ್ರಾಯ್ಡ್ ಮೊಬೈಲ್‌ನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್‌ನಲ್ಲಿ ಗೂಗಲ್‌ನ ಕನ್ನಡ ಧ್ವನಿ ಎಷ್ಟೋ ವಾಸಿ. ಆದರೆ ಕೆಲಸಕ್ಕೆ ಕೂತಾಗ ನನಗೆ ಇ-ಸ್ಪೀಕೇ ಬೇಕು. ಕಾರಣ ವೇಗ. ಸಿಹಿಯಾದ ದನಿಗಳನ್ನು ಓಡಿಸಿದರೆ ಪದಗಳು ಒಂದರ ಮೇಲೊಂದು ಬೀಳುತ್ತವೆ, ಇದು ಎಷ್ಟು ಓಡಿಸಿದರೂ ಅಕ್ಷರ ಬಿಡಿಬಿಡಿಯಾಗಿ ಕೇಳಿಸುತ್ತದೆ. ಕೀ ಒತ್ತಿದ ತಕ್ಷಣ ಉತ್ತರ ಬರುತ್ತದೆ, ತಡ ಮಾಡುವುದಿಲ್ಲ. ನಾನು ಕೇಳುವ ವೇಗದಲ್ಲಿ ಪಕ್ಕದವರಿಗೆ ಒಂದು ಪದವೂ ಅರ್ಥವಾಗಲ್ಲ. ನಿಧಾನಕ್ಕೆ ಶುರು ಮಾಡಿ, ಕಿವಿ ಒಗ್ಗಿದ ಹಾಗೆ ಸ್ವಲ್ಪ ಸ್ವಲ್ಪ ಏರಿಸಿಕೊಂಡು ಹೋಗಿ. ಧ್ವನಿ ಚೆನ್ನಾಗಿಲ್ಲ ಅಂತ ಮೊದಲ ವಾರಕ್ಕೇ ಬಿಟ್ಟುಬಿಟ್ಟ ಹುಡುಗರನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

ಕನ್ನಡದ ಸಾಲಿನಲ್ಲಿ ನಡುವೆ ಇಂಗ್ಲಿಷ್ ಪದ ಬಂದರೆ ಅದನ್ನು ಇಂಗ್ಲಿಷಾಗಿಯೇ ಓದುತ್ತದೆ. ನಮ್ಮ ಕಚೇರಿ ಪತ್ರಗಳಲ್ಲಿ ಇದು ಬೇಕೇ ಬೇಕು, ಅರ್ಧ ಸಾಲು ಹಾಗೇ ಇರುತ್ತದಲ್ವಾ. ಮೆನು ಕೂಡ ಕನ್ನಡದಲ್ಲಿ ಇಟ್ಟುಕೊಳ್ಳಬಹುದು.

ಈಗ ಕೆಲಸ. ವೆಬ್ ಪುಟ ತೆರೆದರೆ ಎಚ್ ಒತ್ತಿದ ಹಾಗೆ ಒಂದೊಂದೇ ತಲೆಬರಹಕ್ಕೆ ಹೋಗುತ್ತದೆ, ಕೆ ಒತ್ತಿದರೆ ಲಿಂಕ್, ಟಿ ಒತ್ತಿದರೆ ಕೋಷ್ಟಕ, ಎಫ್ ಒತ್ತಿದರೆ ಫಾರಂನಲ್ಲಿ ತುಂಬುವ ಜಾಗ. ಇನ್‌ಸರ್ಟ್ ಹಿಡಿದು ಎಫ್7 ಒತ್ತಿದರೆ ಪುಟದ ಲಿಂಕ್, ತಲೆಬರಹ ಎಲ್ಲ ಪಟ್ಟಿಯಾಗಿ ಬರುತ್ತವೆ. ಎಕ್ಸೆಲ್‌ನಲ್ಲಿ ಪ್ರತಿ ಸೆಲ್‌ಗೆ ಹೋದಾಗಲೂ ಸಾಲು, ಕಾಲಂ, ಒಳಗಿನ ಅಂಕಿ ಮೂರನ್ನೂ ಹೇಳುತ್ತದೆ. ವರ್ಡ್ ಜೊತೆ ತಕರಾರೇ ಇಲ್ಲ. ನನಗೆ ತುಂಬಾ ಮೆಚ್ಚುಗೆಯಾದದ್ದು ಪರದೆಯ ಮೇಲೆ ತೆರೆ ಎಳೆಯುವ ಸೌಲಭ್ಯ: ಇನ್‌ಸರ್ಟ್, ಕಂಟ್ರೋಲ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ, ನನ್ನ ಕಿವಿಗೆ ಮಾತ್ರ ಎಲ್ಲ ಕೇಳಿಸುತ್ತಿರುತ್ತದೆ. ಬೆನ್ನ ಹಿಂದೆ ಯಾರು ನಿಂತಿದ್ದಾರೆ ಅಂತ ನಮಗೆ ಕಾಣಲ್ಲ. ಸಂಬಳದ ಪಟ್ಟಿ ತೆರೆದಾಗ, ಬ್ಯಾಂಕ್ ಖಾತೆ ನೋಡುವಾಗ ಈ ತೆರೆ ಇದ್ದರೆ ಎಷ್ಟು ನೆಮ್ಮದಿ ಅಂತ ಕಣ್ಣಿರುವವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ.

ಇನ್ನೊಂದು, ಇದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಓಡಾಡಬಹುದು. ಯಾರ ಕಂಪ್ಯೂಟರ್‌ಗೆ ಬೇಕಾದರೂ ಚುಚ್ಚಿದರೆ ಸಾಕು, ಇನ್‌ಸ್ಟಾಲ್ ಮಾಡಬೇಕಿಲ್ಲ, ತೆಗೆದರೆ ಗುರುತೂ ಉಳಿಯಲ್ಲ. ಸೈಬರ್ ಸೆಂಟರ್, ಕಾಲೇಜಿನ ಲ್ಯಾಬ್, ಇಂಟರ್‌ವ್ಯೂ, ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಸರಿ ಇದ್ದ ಮೇಲೂ ಕನ್ನಡದಲ್ಲಿ ಕೆಲಸ ಮಾಡುವಾಗ ದಿನಕ್ಕೊಂದು ಕಡೆ ಗಾಡಿ ನಿಂತುಬಿಡುತ್ತದೆ. ಸ್ಕ್ರೀನ್ ರೀಡರ್ ಓದುವುದು ಅಕ್ಷರವನ್ನು. ಚಿತ್ರವನ್ನು ಓದಲ್ಲ. ನಮ್ಮಲ್ಲಿ ಆದೇಶ, ಸುತ್ತೋಲೆ, ನೇಮಕಾತಿ ಪ್ರಕಟಣೆ ಹೇಗೆ ಬರುತ್ತವೆ ನೋಡಿ. ಕಂಪ್ಯೂಟರ್‌ನಲ್ಲೇ ಟೈಪ್ ಮಾಡುತ್ತಾರೆ. ಪ್ರಿಂಟ್ ತೆಗೆಯುತ್ತಾರೆ. ಸಹಿ, ಸೀಲು ಹಾಕುತ್ತಾರೆ. ಮತ್ತೆ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿ ವೆಬ್‌ಸೈಟ್‌ಗೆ ಏರಿಸುತ್ತಾರೆ. ಮೊದಲ ಹಂತದಲ್ಲಿ ಅಕ್ಷರವಾಗಿದ್ದದ್ದು ಕೊನೆಯ ಹಂತದಲ್ಲಿ ಫೋಟೋ ಆಗಿರುತ್ತದೆ. ಹೋದ ವರ್ಷ ಒಂದು ಕಚೇರಿಯ ನೇಮಕಾತಿ ಪ್ರಕಟಣೆ ಇಳಿಸಿಕೊಂಡೆ. ಅದರಲ್ಲಿ ದೃಷ್ಟಿ ಇಲ್ಲದವರಿಗೇ ಮೀಸಲಾದ ಹುದ್ದೆ ಇತ್ತು, ಅದು ನನಗೆ ಗೆಳತಿ ಹೇಳಿ ಗೊತ್ತಾದದ್ದು. ಫೈಲ್ ತೆರೆದರೆ ಎನ್‌ವಿಡಿಎ ಹೇಳಿದ್ದು ಒಂದೇ ಮಾತು, ಖಾಲಿ ಪುಟ. ಬಾಣದ ಕೀ ಒತ್ತಿದೆ, ಖಾಲಿ. ಮುಂದಿನ ಪುಟ, ಅದೂ ಖಾಲಿ. ಕೊನೆ ದಿನಾಂಕ, ವಿದ್ಯಾರ್ಹತೆ, ಶುಲ್ಕ ವಿನಾಯಿತಿ ಎಲ್ಲ ಅದರೊಳಗೇ ಇದ್ದವು. ನಮಗೇ ಅಂತ ಇಟ್ಟ ಹುದ್ದೆಯ ಪ್ರಕಟಣೆಯನ್ನು ನಾವೇ ಓದಲಾಗದ ಹಾಗೆ ಹೊರಡಿಸಿದರೆ ಸಿಟ್ಟು ಬರದೆ ಇನ್ನೇನು ಬರುತ್ತದೆ?

ಎರಡನೆಯದು ಹಳೆಯ ಫಾಂಟ್. ಯೂನಿಕೋಡ್, ಅಂದರೆ ಕನ್ನಡ ಅಕ್ಷರ ಯಾವ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಉಳಿಯುವ ಪದ್ಧತಿ, ಬಳಕೆಗೆ ಬರುವ ಮುಂಚೆ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕನ್ನಡ ಒಳಗೆ ಕನ್ನಡವಾಗಿ ಉಳಿದಿರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮೇಲೆ ಕನ್ನಡದ ಆಕಾರ ಕೂರಿಸಿರುತ್ತಾರೆ. ಕಣ್ಣಿಗೆ ಚೆಂದದ ಕನ್ನಡ, ಸ್ಕ್ರೀನ್ ರೀಡರ್‌ಗೆ ಪಿ, ಎ, ಪೌಂಡ್ ಗುರುತು, ಕ್ಯೂ ಅಂತ ಅರ್ಥವಿಲ್ಲದ ಗದ್ದಲ. ನಮ್ಮ ಕಚೇರಿಯ ಹಳೆಯ ಕಡತಗಳೆಲ್ಲ ಹೀಗೇ ಇವೆ. ನುಡಿಯಲ್ಲೇ ಯೂನಿಕೋಡ್‌ಗೆ ಬದಲಾಯಿಸುವ ದಾರಿ ಇದೆ, ಬದಲಾಯಿಸಿದರೆ ಓದುತ್ತದೆ, ಆದರೆ ಕೆಲವು ಒತ್ತಕ್ಷರ ಹಾಳಾಗುತ್ತವೆ, ಒಂದು ಸಲ ಕಣ್ಣಿರುವವರ ಹತ್ತಿರ ಓದಿಸಿ ತಿದ್ದಿಕೊಳ್ಳಬೇಕು. ಈಗಲೂ ಹೊಸ ಪತ್ರವನ್ನು ಹಳೆಯ ಫಾಂಟ್‌ನಲ್ಲೇ ಟೈಪ್ ಮಾಡುವವರು ಇದ್ದಾರೆ. ಅವರಿಗೆ ಕೈ ಒಗ್ಗಿದೆ, ಅದು ನನಗೂ ಅರ್ಥವಾಗುತ್ತದೆ. ಆದರೆ ನುಡಿ ಕೀಬೋರ್ಡ್‌ನ ಅದೇ ಕೀಲಿಗಳಲ್ಲಿ ಯೂನಿಕೋಡ್ ಟೈಪ್ ಮಾಡಬಹುದು, ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಈ ಒಂದು ವಿಷಯವನ್ನು ನಿಮ್ಮ ಕಚೇರಿಯ ಟೈಪಿಸ್ಟ್‌ಗೆ ದಯವಿಟ್ಟು ಹೇಳಿ.

ಎನ್‌ವಿಡಿಎಯಲ್ಲೇ ಚಿತ್ರದೊಳಗಿನ ಅಕ್ಷರ ಗುರುತಿಸುವ ಸೌಲಭ್ಯ (ಇದಕ್ಕೆ ಓಸಿಆರ್ ಅನ್ನುತ್ತಾರೆ) ಇದೆ, ಇನ್‌ಸರ್ಟ್ ಜೊತೆ ಆರ್. ಅದು ವಿಂಡೋಸ್‌ನ ಓಸಿಆರ್ ಬಳಸುತ್ತದೆ, ಆ ಓಸಿಆರ್‌ಗೆ ಕನ್ನಡ ಬರಲ್ಲ. ಇಂಗ್ಲಿಷ್ ಪತ್ರವಾದರೆ ಒಂದೇ ಒತ್ತಿಗೆ ಕೆಲಸ ಆಗುತ್ತದೆ, ಕನ್ನಡದ್ದಾದರೆ ಸುತ್ತುದಾರಿ. ನಾನು ಮಾಡುವುದು ಹೀಗೆ: ಪಿಡಿಎಫ್ ಅನ್ನು ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆಯುತ್ತೇನೆ. ಅದು ಕನ್ನಡ ಅಕ್ಷರಗಳನ್ನು ಸಾಕಷ್ಟು ಚೆನ್ನಾಗಿ ಎತ್ತಿಕೊಡುತ್ತದೆ. ನೇರವಾಗಿ ಸ್ಕ್ಯಾನ್ ಆದ ಪುಟವಾದರೆ ಓದಿಕೊಂಡು ಹೋಗಬಹುದು. ಕೋಷ್ಟಕ ಬಂದರೆ ಎಲ್ಲ ಕಲಸಿಹೋಗುತ್ತದೆ, ಯಾವ ಹುದ್ದೆಗೆ ಎಷ್ಟು ಅನ್ನುವುದೇ ತಿಳಿಯಲ್ಲ. ಪುಟದ ಮೇಲೆ ಸೀಲು ಬಿದ್ದ ಕಡೆ ಪದಗಳೇ ಮಾಯ. ಇಂಟರ್‌ನೆಟ್‌ಗೆ ಏರಿಸಬಾರದ ಕಚೇರಿ ಕಾಗದಕ್ಕೆ ಟೆಸರಾಕ್ಟ್ ಅನ್ನೋ ಉಚಿತ ಓಸಿಆರ್ ಇದೆ, ಅದಕ್ಕೆ ಕನ್ನಡ ಬರುತ್ತದೆ, ನಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ, ಹಾಕಿಕೊಳ್ಳುವುದಕ್ಕೆ ಮೊದಲ ಸಲ ಗೊತ್ತಿರುವವರ ಸಹಾಯ ಬೇಕಾಗಬಹುದು. ಇನ್ನು ನೀವು ಮನುಷ್ಯರೇ ಹೌದಾ ಅಂತ ನೋಡಲು ವೆಬ್‌ಸೈಟ್‌ಗಳು ತೋರಿಸುವ ಬೆಸೆದುಕೊಂಡ ಅಕ್ಷರಗಳ ಕ್ಯಾಪ್ಚಾ, ಹೆಸರೇ ಇಲ್ಲದ ಬಟನ್‌ಗಳು. ‘ಬಟನ್, ಬಟನ್, ಬಟನ್’ ಅಂತ ಮೂರು ಸಲ ಹೇಳುತ್ತದೆ, ಯಾವುದು ಸೇವ್, ಯಾವುದು ಡಿಲೀಟ್? ಇದು ಎನ್‌ವಿಡಿಎಯ ದೋಷವಲ್ಲ, ಆ ಬಟನ್ ಮಾಡಿದವರು ಅದಕ್ಕೊಂದು ಹೆಸರು ಬರೆಯದೆ ಬಿಟ್ಟದ್ದು.

ಕಾಯ್ದೆ ಏನು ಹೇಳುತ್ತದೆ ಅಂತಲೂ ತಿಳಿದಿರಲಿ, ಕೇಳುವಾಗ ಧೈರ್ಯ ಬರುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, ಇದರಲ್ಲಿ 21. ಸರ್ಕಾರಿ ಕೆಲಸಗಳಲ್ಲಿ ಕನಿಷ್ಠ ಶೇ 4ರಷ್ಟು ಮೀಸಲು, ಅದರಲ್ಲಿ ಶೇ 1 ದೃಷ್ಟಿ ಇಲ್ಲದವರಿಗೆ ಮತ್ತು ಮಂದದೃಷ್ಟಿಯವರಿಗೆ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಖಾಸಗಿಯವರಲ್ಲೂ 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಸಮಾನ ಅವಕಾಶದ ನೀತಿಯನ್ನು ಬರೆದು ಎಲ್ಲರಿಗೂ ತಿಳಿಯುವಂತೆ ಇಡಬೇಕು, ಅದರಲ್ಲಿ ಅಂಗವಿಕಲ ನೌಕರರಿಗೆ ಏನೇನು ಸೌಲಭ್ಯ ಅಂತ ಇರಬೇಕು. ಕೆಲಸಕ್ಕೆ ಸೇರುವಾಗ ಆ ನೀತಿಯ ಪ್ರತಿ ಕೇಳಿ, ಸಂಕೋಚ ಬೇಡ. ಸರ್ಕಾರಿ ಕೆಲಸದಲ್ಲಿದ್ದು ಮಧ್ಯದಲ್ಲಿ ದೃಷ್ಟಿ ಕಳೆದುಕೊಂಡವರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ಹುದ್ದೆ ಇಳಿಸುವ ಹಾಗಿಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದವರು ಸುಮ್ನೆ ರಾಜೀನಾಮೆ ಬರೆದು ಮನೆಯಲ್ಲಿ ಕೂರುತ್ತಾರೆ, ಅಂಥವರು ನಿಮ್ಮ ಬೀದಿಯಲ್ಲಿದ್ದರೆ ಇದನ್ನು ಮೊದಲು ಹೇಳಿ. ಸೆಕ್ಷನ್ 42 ಇನ್ನೂ ಮುಖ್ಯ: ಮುದ್ರಣ, ಧ್ವನಿ, ಎಲೆಕ್ಟ್ರಾನಿಕ್ ಮಾಧ್ಯಮಗಳಲ್ಲಿ ಬರುವುದೆಲ್ಲ ನಮಗೂ ಬಳಸಲು ಆಗುವಂತೆ ಸರ್ಕಾರ ನೋಡಿಕೊಳ್ಳಬೇಕು ಅಂತ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಕೂಡ ಡಿಜಿಟಲ್ ಸೇವೆ ಎಲ್ಲರ ಕೈಗೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ತೀರ್ಪು ಕೊಟ್ಟಿದೆ. ಖಾಲಿ ಪುಟದ ಆ ಪಿಡಿಎಫ್ ಬಗ್ಗೆ ನಾನು ಕಾಗದ ಬರೆದಾಗ ಈ ಎರಡನ್ನೂ ಸೇರಿಸಿದೆ. ಟೈಪ್ ಮಾಡಿದ ಫೈಲನ್ನೇ ಮೇಲ್‌ನಲ್ಲಿ ಕಳಿಸಿದರು.

ಇನ್ನು ಕೆಲಸ ಕೊಡುವವರ ವಿಷಯ. ಒಂದು ಇಂಟರ್‌ವ್ಯೂನಲ್ಲಿ ಹಿರಿಯರೊಬ್ಬರು ನನ್ನ ಅಂಕಪಟ್ಟಿ ಎಲ್ಲ ತಿರುವಿ ನೋಡಿ, ‘ಅದೆಲ್ಲಾ ಸರಿ ಕಣಮ್ಮಾ, ಕಂಪ್ಯೂಟರ್ ಹೆಂಗೆ ನೋಡ್ತೀಯಾ?’ ಅಂದರು. ‘ನೋಡಲ್ಲ ಸರ್, ಕೇಳ್ತೀನಿ’ ಅಂದು ಪೆನ್‌ಡ್ರೈವ್ ತೆಗೆದು ಅವರ ಕಂಪ್ಯೂಟರ್‌ಗೇ ಹಾಕಿದೆ. ಅವರು ಹೇಳಿದ ಪತ್ರವನ್ನು ಕನ್ನಡದಲ್ಲಿ ಟೈಪ್ ಮಾಡಿದೆ, ಒಂದು ಕಡೆ ದೀರ್ಘ ತಪ್ಪಿತ್ತು, ಕೇಳಿಸಿಕೊಂಡು ತಿದ್ದಿದೆ. ಆಮೇಲೆ ಆಫೀಸಿನವರೆಲ್ಲ ಸುತ್ತ ನಿಂತುಕೊಂಡರು. ಅವರು ಕೆಟ್ಟವರಲ್ಲ. ಕಣ್ಣು ಕಾಣದ ಒಬ್ಬರು ಮೇಜಿನ ಮುಂದೆ ಕೂತು ಕೆಲಸ ಮಾಡುವುದನ್ನು ಅವರು ಅಲ್ಲಿಯವರೆಗೆ ಎಲ್ಲೂ ಕಂಡಿರಲಿಲ್ಲ, ಅಷ್ಟೇ. ಎಲ್ಲಿ ಕಾಣಬೇಕು? ಸಿನಿಮಾ, ಧಾರಾವಾಹಿಗಳಲ್ಲಿ ನಾವು ಕಪ್ಪು ಕನ್ನಡಕ ಹಾಕಿಕೊಂಡು ಕೈ ಚಾಚಿ ತಡಕಾಡುತ್ತಿರುತ್ತೇವೆ, ಇಲ್ಲವೇ ಹಾಡುತ್ತಿರುತ್ತೇವೆ, ಇಲ್ಲವೇ ಕೊನೆಯಲ್ಲಿ ಆಪರೇಷನ್ ಆಗಿ ಕಣ್ಣು ಬರುತ್ತದೆ. ಲೆಕ್ಕ ಬರೆಯುವ, ಬಾಸ್ ಹತ್ತಿರ ಬೈಸಿಕೊಳ್ಳುವ, ತಿಂಗಳ ಕೊನೆಗೆ ಸಂಬಳಕ್ಕೆ ಕಾಯುವ ಕುರುಡರು ಪರದೆ ಮೇಲೆ ಬರುವುದೇ ಅಪರೂಪ. ಕೆಲಸ ಕೊಡುವವರು ನಮ್ಮನ್ನು ಮೊದಲು ಭೇಟಿಯಾಗುವುದು ಅಲ್ಲೇ, ಇಂಟರ್‌ವ್ಯೂನಲ್ಲಿ ಅಲ್ಲ.

2024ರ ಜುಲೈ 8ರಂದು, ಒಂದು ಸಿನಿಮಾ ಅಂಗವಿಕಲರನ್ನು ತೋರಿಸಿದ ರೀತಿಯ ಬಗ್ಗೆ ನಡೆದ ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಂಗವಿಕಲರನ್ನು ಹೀಯಾಳಿಸುವ ಪದ ಬಳಸಬೇಡಿ, ಸವಕಲು ಪಾತ್ರಗಳನ್ನೇ ಮತ್ತೆ ಮತ್ತೆ ತೋರಿಸಬೇಡಿ, ನಮ್ಮ ಬಗ್ಗೆ ಮಾಡುವಾಗ ನಮ್ಮನ್ನೂ ಜೊತೆಗೆ ಕೂರಿಸಿಕೊಳ್ಳಿ ಅಂತ. ಪತ್ರಿಕೆ, ಟಿವಿಯವರಿಗೂ ನನ್ನ ಕೋರಿಕೆ ಅದೇ. ಮಂಡ್ಯದ ಕೆ.ಎಸ್. ರಾಜಣ್ಣ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಪೋಲಿಯೊದಿಂದ ಕೈಕಾಲು ಕಳೆದುಕೊಂಡವರು, ರಾಜ್ಯದ ಅಂಗವಿಕಲರ ಆಯುಕ್ತರಾಗಿದ್ದವರು. ಇಂಥವರ ಬಗ್ಗೆ ಬರೆಯುವಾಗ ಕೈಕಾಲು ಹೋದ ಕತೆ ಒಂದು ಸಾಲು ಸಾಕು, ಆಯುಕ್ತರ ಕುರ್ಚಿಯಲ್ಲಿ ಕೂತು ಏನು ಮಾಡಿದರು, ಏನು ಮಾಡಲು ಆಗಲಿಲ್ಲ, ಅದನ್ನು ಓದುವ ಆಸೆ ನನಗೆ. ಇನ್ನೊಂದು, ಬರೆದದ್ದನ್ನು ನಾವು ಓದುವಂತೆ ಪ್ರಕಟಿಸಿ. ಪತ್ರಿಕೆಯ ಪುಟವನ್ನು ಫೋಟೋ ಮಾಡಿ ವಾಟ್ಸಾಪ್‌ನಲ್ಲಿ ಹಾಕಿದರೆ ಸ್ಕ್ರೀನ್ ರೀಡರ್ ಹೇಳುವುದು ‘ಚಿತ್ರ’ ಅಂತ ಮಾತ್ರ. ಟಿವಿಯಲ್ಲಿ ಬ್ರೇಕಿಂಗ್ ನ್ಯೂಸ್ ಅಂತ ಸಂಗೀತ ಬಾರಿಸಿ ಸುದ್ದಿಯನ್ನು ಬರೀ ಅಕ್ಷರದಲ್ಲಿ ತೋರಿಸಿದರೆ ಎದ್ದು ಯಾರನ್ನಾದರೂ ಕೇಳಬೇಕು. ಸಿನಿಮಾಗಳಿಗೆ 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದೆ, ನಮಗೆ ದೃಶ್ಯದ ವಿವರಣೆಯ ಧ್ವನಿ, ಕಿವಿ ಕೇಳದವರಿಗೆ ಪರದೆಯ ಮೇಲೆ ಬರಹ. ಸದ್ದಿಲ್ಲದ ಒಂದು ದೃಶ್ಯದಲ್ಲಿ ನಾಯಕಿ ಕಾಗದ ಹರಿದು ಹಾಕಿದಳು ಅಂತ ಯಾರೋ ಮೆಲ್ಲಗೆ ಕಿವಿಯಲ್ಲಿ ಹೇಳಿದರೆ ಪಕ್ಕದವರ ತೋಳು ಜಗ್ಗಿ ‘ಏನಾಯ್ತೇ?’ ಅಂತ ಕೇಳಬೇಕಿಲ್ಲ. ಕನ್ನಡ ಸಿನಿಮಾ ಮಾಡುವವರು ಇದನ್ನು ಬೇಗ ಕೈಗೆತ್ತಿಕೊಳ್ಳಲಿ.

ಮತ್ತೆ ಎನ್‌ವಿಡಿಎಗೆ ಬರುತ್ತೇನೆ. ಮಕ್ಕಳಿಗೆ ಇದನ್ನು ಕೊಟ್ಟ ತಕ್ಷಣ, ಉಬ್ಬು ಚುಕ್ಕೆಗಳನ್ನು ಬೆರಳಲ್ಲಿ ಮುಟ್ಟಿ ಓದುವ ಬ್ರೈಲ್ ಬೇಡ ಅನ್ನುವ ಅಪ್ಪ ಅಮ್ಮಂದಿರಿದ್ದಾರೆ, ಅದು ಬೇಡ. ಕಿವಿಯಲ್ಲಿ ಮಾತ್ರ ಕನ್ನಡ ಕಲಿತ ಮಗುವಿಗೆ ಒತ್ತಕ್ಷರ ಎಲ್ಲಿ ಬರುತ್ತೆ, ಅಲ್ಪಪ್ರಾಣ ಯಾವುದು, ಮಹಾಪ್ರಾಣ ಯಾವುದು ಅಂತ ಬೆರಳಿಗೆ ಗೊತ್ತಾಗಲ್ಲ, ಟೈಪ್ ಮಾಡುವಾಗ ಕಾಗುಣಿತ ಕೈಕೊಡುತ್ತದೆ. ನನಗೆ ಕಚೇರಿಯಲ್ಲಿ ತಪ್ಪಿಲ್ಲದ ಕನ್ನಡ ಬರೆಯುತ್ತಾಳೆ ಅಂತ ಹೆಸರಿದ್ದರೆ ಅದು ಚಿಕ್ಕಂದಿನ ಬ್ರೈಲ್‌ನಿಂದ. ಮೈಸೂರಿನವರಿಗೆ ಇದು ದೂರದ ಮಾತೂ ಅಲ್ಲ, ತಿಲಕ್‌ನಗರದಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಸರ್ಕಾರಿ ಶಾಲೆ 1901ರಿಂದ ಇದೆ. ಓದುವ ಹುಚ್ಚಿರುವವರಿಗೆ ಸುಗಮ್ಯ ಪುಸ್ತಕಾಲಯ ಅನ್ನೋ ಆನ್‌ಲೈನ್ ಗ್ರಂಥಾಲಯ 2016ರಲ್ಲಿ ಶುರುವಾಗಿದೆ, ಮುದ್ರಿತ ಪುಸ್ತಕ ಓದಲಾಗದವರು ಅದರ ಸದಸ್ಯರಾಗಬಹುದು. 2012ರ ತಿದ್ದುಪಡಿಯ ನಂತರ ನಮ್ಮ ಕಾಪಿರೈಟ್ ಕಾಯ್ದೆಯೂ ಪುಸ್ತಕವನ್ನು ನಮಗೆ ಓದಲು ಬರುವ ರೂಪಕ್ಕೆ ಬದಲಾಯಿಸುವುದಕ್ಕೆ ಅನುಮತಿ ಕೊಡುತ್ತದೆ. ಹಾಗಾಗಿ ಪ್ರಕಾಶಕರ ಹತ್ತಿರ ಯೂನಿಕೋಡ್ ಫೈಲ್ ಕೇಳುವಾಗ ಕಳ್ಳತನ ಮಾಡಿದ ಹಾಗೆ ಅಳುಕಬೇಡಿ.

ಹೊಸದಾಗಿ ಹಾಕಿಕೊಳ್ಳುವವರು ಮೊದಲು ಮಾಡಬೇಕಾದದ್ದು ಇಷ್ಟು. ಲ್ಯಾಪ್‌ಟಾಪ್‌ನಲ್ಲಿ ಇನ್‌ಸರ್ಟ್ ಕೀ ಮೂಲೆಯಲ್ಲೆಲ್ಲೋ ಇರುತ್ತದೆ, ಸೆಟ್ಟಿಂಗ್‌ನಲ್ಲಿ ಕ್ಯಾಪ್ಸ್‌ಲಾಕ್ ಅನ್ನೇ ಅದರ ಬದಲು ಇಟ್ಟುಕೊಳ್ಳಿ. ಧ್ವನಿಯನ್ನು ಇ-ಸ್ಪೀಕ್ ಕನ್ನಡಕ್ಕೆ ಬದಲಾಯಿಸಿ. ಇನ್‌ಸರ್ಟ್ ಜೊತೆ 1 ಒತ್ತಿದರೆ ಯಾವ ಕೀ ಏನು ಮಾಡುತ್ತದೆ ಅಂತ ಹೇಳುತ್ತದೆ, ಯಾವುದೂ ಕೆಡುವುದಿಲ್ಲ, ಮಕ್ಕಳನ್ನು ಅದರಲ್ಲೇ ಆಡಲು ಬಿಡಿ. ಮಾತು ಜಾಸ್ತಿ ಆದರೆ ಕಂಟ್ರೋಲ್ ಒತ್ತಿ, ನಿಲ್ಲುತ್ತದೆ. ಕಣ್ಣಿರುವ ಅಣ್ಣ ತಮ್ಮಂದಿರು ಪಕ್ಕದಲ್ಲಿ ಕೂತು ಮೌಸ್ ಹಿಡಿದು ಸಹಾಯ ಮಾಡುವುದನ್ನು ಮಾತ್ರ ಬಿಡಿಸಿ, ಮಗು ಕೀಬೋರ್ಡ್ ಕಲಿಯಲ್ಲ. ಡೌನ್‌ಲೋಡ್ ಮಾಡುವಾಗ, ಎನ್‌ವಿಡಿಎ ಮಾಡುವ ಸಂಸ್ಥೆ ಎನ್‌ವಿ ಆಕ್ಸೆಸ್‌ನವರ ಪುಟ ದೇಣಿಗೆ ಕೊಡುತ್ತೀರಾ ಅಂತ ಕೇಳುತ್ತದೆ. ಕೊಡದೆಯೂ ಮುಂದೆ ಹೋಗಬಹುದು, ಓದುತ್ತಿರುವ ಮಕ್ಕಳು ಹಾಗೇ ಇಳಿಸಿಕೊಳ್ಳಿ. ಸಂಬಳ ಬರುತ್ತಿರುವವರು ಕೈಲಾದಷ್ಟು ಕೊಡಿ, ನಾನು ಕೆಲಸ ಸಿಕ್ಕಿದ ಮೇಲೆ ಪ್ರತಿ ವರ್ಷ ಕೊಡುತ್ತಿದ್ದೇನೆ.